ಜಾಣ ಓದುಗನ ಪಾಲು

ನಾನು ಬಾಲಕನಾಗಿದ್ದಾಗ ಪ್ರತಿ ವಾರ ಮನೆಗೆ ಬರುತ್ತಿದ್ದ ‘ಲಂಕೇಶ್ ಪತ್ರಿಕೆ’ಯನ್ನು ತಂದೆಯವರು ಓದಿ ಮುಗಿಸುವವರೆಗೆ ಮಕ್ಕಳು ಮುಟ್ಟುವಂತಿರಲಿಲ್ಲ. ಕೈಗೆ ಸಿಕ್ಕಿದೊಡನೆ ನಾನು ಹುಡುಕುತ್ತಿದ್ದುದು ಕಥೆಯನ್ನಲ್ಲ, ಕವಿತೆಯನ್ನಲ್ಲ; ಈ ವಾರ ಯಾವ ಮಂತ್ರಿಯನ್ನು ಯಾವ ಅಡ್ಡಹೆಸರಿನಿಂದ ಕರೆದಿದ್ದಾರೆ ಎಂಬುದನ್ನು. ಈ ತಪ್ಪೊಪ್ಪಿಗೆಯಿಂದಲೇ ನನ್ನ ಮಾತನ್ನು ಆರಂಭಿಸುವುದು ನ್ಯಾಯ.

ಇಂಗ್ಲಿಷ್ ಅಧ್ಯಾಪಕರಾಗಿದ್ದ ಪಿ. ಲಂಕೇಶರು 1980ರಲ್ಲಿ ಈ ಟ್ಯಾಬ್ಲಾಯ್ಡ್ ವಾರಪತ್ರಿಕೆಯನ್ನು ಹೊರಡಿಸಿದರು. ಜಾಹೀರಾತನ್ನು ಸ್ವೀಕರಿಸುವುದಿಲ್ಲವೆಂಬುದು ಅದರ ವ್ರತ. ಸರಕಾರದ ಹಂಗಾಗಲಿ ವರ್ತಕರ ಹಂಗಾಗಲಿ ಇಲ್ಲದೆ, ಓದುಗನು ಕೊಟ್ಟ ಕಾಸಿನಿಂದಲೇ ಅದು ಬದುಕಿತು. ತನ್ನನ್ನು ‘ಜಾಣ ಜಾಣೆಯರ ಪತ್ರಿಕೆ’ ಎಂದು ಕರೆದುಕೊಂಡಿತು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಧಾರಾವಾಹಿಯಾಗಿ ಬಂದುದು ಅದರಲ್ಲಿಯೇ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರು ಒಂದು ಕಾಲಕ್ಕೆ ಅದರ ವರದಿಗಾರ್ತಿ. ಕನ್ನಡ ಸಾಹಿತ್ಯದ ಅಂಗಳವನ್ನು ಹಿಗ್ಗಿಸಿದ ಕೀರ್ತಿ ಅದಕ್ಕೆ ಸಲ್ಲತಕ್ಕುದೇ.

ಆದರೆ ಅದೇ ಪುಟಗಳಲ್ಲಿ ಮುಖ್ಯಮಂತ್ರಿ ಗುಂಡೂರಾಯರು ‘ಗುಂ’ ಆದರು, ಬಂಗಾರಪ್ಪನವರು ‘ಬಂ’ ಆದರು. ಅಧಿಕಾರದ ಮದವನ್ನು ನೆಲಕ್ಕಿಳಿಸುವ ಹಾಸ್ಯವಿದೆಂದು ಅಭಿಮಾನಿಗಳು ಹಿಗ್ಗಿದರು. ವ್ಯಕ್ತಿನಿಂದೆಯೆಂದು ಇತರರು ಮುನಿದರು. ಬಲಿಷ್ಠನ ಎದುರು ನಗೆಯೇ ದುರ್ಬಲನ ಆಯುಧವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೂ ಒಂದು ಭೇದವನ್ನು ಮರೆಯಲಾಗದು: ಆರೋಪಕ್ಕೆ ಸಾಕ್ಷ್ಯ ಬೇಕು, ಅಡ್ಡಹೆಸರಿಗೆ ಚಪ್ಪಾಳೆಯೊಂದೇ ಸಾಕು. ಆ ಚಪ್ಪಾಳೆಯನ್ನು ತಟ್ಟಿದವರು ನಾವು. ಓದುಗನೊಬ್ಬನೇ ಒಡೆಯನಾದ ಪತ್ರಿಕೆಯಲ್ಲಿ ಗುಣದ ಪಾಲಿನಂತೆ ದೋಷದ ಪಾಲೂ ಅವನಿಗೇ ಸೇರಬೇಕಲ್ಲವೆ?

2000ದ ಜನವರಿಯಲ್ಲಿ ಲಂಕೇಶರು ತೀರಿಕೊಂಡರು. ಮಗಳು ಗೌರಿ ಸಂಪಾದಕಿಯಾದರು. 2005ರಲ್ಲಿ ಸಹೋದರನೊಡನೆ ಭಿನ್ನಾಭಿಪ್ರಾಯ ಬಂದು ‘ಗೌರಿ ಲಂಕೇಶ್ ಪತ್ರಿಕೆ’ಯನ್ನು ಬೇರೆಯಾಗಿ ತೆರೆದರು. 2008ರ ವರದಿಯೊಂದರ ಸಂಬಂಧದ ಮಾನನಷ್ಟ ಮೊಕದ್ದಮೆಯಲ್ಲಿ 2016ರಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಅವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿತು. ಅವರು ಜಾಮೀನು ಪಡೆದರು. ಬರೆಹದಿಂದ ನೊಂದವರಿಗೆ ತೆರೆದಿರುವ ಬಾಗಿಲು ಅದು. ಅದರ ಬಗೆಗೆ ತಕರಾರಿಲ್ಲ. ಆದರೆ 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ಮನೆಯ ಮುಂದೆಯೇ ಅವರನ್ನು ಗುಂಡಿಟ್ಟು ಕೊಂದರು. ಆ ಸುದ್ದಿ ಹಬ್ಬಿದಾಗ ಸಾಮಾಜಿಕ ಜಾಲತಾಣಗಳಲ್ಲಿ ಕೆಲವರು ಹರ್ಷಿಸಿದರು, ಹೀನವಾದ ಹೆಸರುಗಳಿಂದ ಸತ್ತವರನ್ನು ಕರೆದರು.

ಅಡ್ಡಹೆಸರೇ ಕೊಲೆಗೆ ಕಾರಣವೆನ್ನುವಷ್ಟು ಅವಿವೇಕಿ ನಾನಲ್ಲ. ಕೊಲೆಗೆ ಕೊಲೆಗಾರನೇ ಹೊಣೆ. ನನ್ನನ್ನು ಕಾಡುವುದು ಆ ನಗೆ. ಮನುಷ್ಯನನ್ನು ಒಂದಕ್ಷರಕ್ಕೆ ಇಳಿಸಿ ನಗುವ ಅಭ್ಯಾಸ ಹಿಡಿದ ಸಮಾಜವು, ಶವದ ಮುಂದೆ ನಗುವುದಕ್ಕೆ ಬಹುದೂರ ನಡೆಯಬೇಕಾಗಿಲ್ಲ. ಇಂದು ಪ್ರತಿಯೊಬ್ಬನ ಅಂಗೈಯಲ್ಲಿಯೂ ಒಂದೊಂದು ಪತ್ರಿಕೆಯಿದೆ. ಲಂಕೇಶರ ಆಸ್ತಿಯಲ್ಲಿ ನಾವು ಅಡ್ಡಹೆಸರನ್ನು ಮಾತ್ರ ಇಟ್ಟುಕೊಂಡೆವು. ವ್ರತವನ್ನು, ದುಡಿಮೆಯನ್ನು, ಹೊಸ ಲೇಖಕರಿಗಾಗಿ ತೆರೆದಿದ್ದ ಬಾಗಿಲನ್ನು ಕೈಬಿಟ್ಟೆವು.

ನಮ್ಮನ್ನು ಜಾಣರೆಂದು ಕರೆದವರಿದ್ದರು. ಆ ಮಾತಿಗೆ ತಕ್ಕವರಾಗುವ ಕೆಲಸ ಇನ್ನೂ ಬಾಕಿಯಿದೆ.