ಮೂರು ಊರಿನ ಹೆಸರು, ಒಂದು ಲೈಬ್ರರಿ

ಕನ್ನಡದಲ್ಲಿ ಬರೆದ ಹೆಸರನ್ನು ದೇವನಾಗರಿಗೆ ತರುವುದು ಕಂಪ್ಯೂಟರಿಗೆ ಬರೀ ಕಳೆಯುವ ಲೆಕ್ಕ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಯೂನಿಕೋಡ್‌ನಲ್ಲಿ ಭಾರತದ ಲಿಪಿಗಳು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿವೆ. ಕನ್ನಡದ 'ಕ'ಕಾರದ ಸಂಖ್ಯೆಯಲ್ಲಿ 896 ಕಳೆದರೆ ದೇವನಾಗರಿಯ 'ಕ' ಸಿಗುತ್ತದೆ. ಈ ಲೆಕ್ಕವನ್ನು ಗಡಿಯಾಚೆಯ, ಮಹಾರಾಷ್ಟ್ರದ ಮೂರು ಊರಿಗೆ ಹಚ್ಚಿ ನೋಡಿ. ಗಡಹಿಂಗ್ಲಜ ಸಲೀಸಾಗಿ ದಾಟುತ್ತದೆ. ಇಚಲಕರಂಜಿ ಎಡವುತ್ತದೆ, ಮರಾಠಿಯಲ್ಲಿ ಕೊನೆಯ ಅಕ್ಷರ ದೀರ್ಘ. ಕೊಲ್ಹಾಪುರವಂತೂ ಎರಡು ಕಡೆ ಕೆಡುತ್ತದೆ. ಮರಾಠಿಯಲ್ಲಿ 'ಪೂ' ದೀರ್ಘ. ಮೊದಲಕ್ಷರದ ಹ್ರಸ್ವ ಒಕಾರಕ್ಕೆ ಯೂನಿಕೋಡ್ ದೇವನಾಗರಿಯಲ್ಲೂ ಒಂದು ಚಿಹ್ನೆ ಇಟ್ಟಿದೆಯಾದರೂ ಮರಾಠಿ ಬರಹದಲ್ಲಿ ಅದಕ್ಕೆ ಬಳಕೆಯಿಲ್ಲ. ಊರುಗಳದ್ದೇ ಹೀಗಾದರೆ ಮನುಷ್ಯರ ಹೆಸರಿನ ಪಾಡೇನು? ಜಮೀನಿನ ಉತಾರದಲ್ಲಿ ಒಂದು ರೂಪ, ಪಡಿತರ ಚೀಟಿಯಲ್ಲಿ ಇನ್ನೊಂದು ಎಂದಾದಾಗ ಕಚೇರಿಗೆ ಅಲೆಯುವವರು ಆ ಹೆಸರಿನವರೇ.

ಈ ಸೂಕ್ಷ್ಮಗಳ ತಿಳಿವಳಿಕೆ ಯಾವುದೋ ಒಂದು ಆ್ಯಪ್‌ನೊಳಗೆ ಹುದುಗಿ ಕೂರಬಾರದು, ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳುವ ಲೈಬ್ರರಿಯಾಗಿ ಬೇರೆ ನಿಲ್ಲಬೇಕು ಎಂಬುದು ನನ್ನ ವಾದ. ಇಚಲಕರಂಜಿಯ ಮಗ್ಗದವರು ಲಾಳಿ ಸವೆದರೆ ಲಾಳಿಯನ್ನಷ್ಟೇ ಕೊಳ್ಳುತ್ತಾರೆ. ಹಾಗೆಂದು ಕೋಡನ್ನು ಬೇರೆ ಫೋಲ್ಡರಿಗೆ ಹಾಕಿದ ಮಾತ್ರಕ್ಕೆ ಲೈಬ್ರರಿಯಾಗದು. ಸ್ಕ್ರೀನು, ಬಟನ್ನು, ಡೇಟಾಬೇಸು ಯಾವುದರ ಹಂಗೂ ಇಲ್ಲದೆ ಅದು ಅಕ್ಷರ ಪಡೆದು ಅಕ್ಷರ ಕೊಡಬೇಕು. ಆವೃತ್ತಿ ಸಂಖ್ಯೆ, ಲೈಸೆನ್ಸು, ಎಲ್ಲಕ್ಕಿಂತ ಹೆಚ್ಚಾಗಿ ಪರೀಕ್ಷೆಗಳು ಜೊತೆಗಿರಬೇಕು. ಮೇಲಿನ ಮೂರು ಊರುಗಳಿಂದಲೇ ಶುರು ಮಾಡಬಹುದು. ಇಂಥ ಲೈಬ್ರರಿಯ ಲಾಭಕ್ಕೆ ಉದಾಹರಣೆಯೂ ಇದೆ: ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಮೂರರಲ್ಲೂ ಕನ್ನಡದ ಒತ್ತಕ್ಷರ ತನ್ನ ಜಾಗದಲ್ಲಿ ಕೂರುವುದು ಹಾರ್ಫ್‌ಬಜ್ ಎಂಬ ಒಂದೇ ಲೈಬ್ರರಿಯ ದೆಸೆಯಿಂದ. ಅಲ್ಲಿ ಒಮ್ಮೆ ತಿದ್ದಿದ ತಪ್ಪನ್ನು ಬೇರೆಯವರು ಮತ್ತೆ ತಿದ್ದಬೇಕಿಲ್ಲ.

ಹೆಸರು ರೂಢಿಯ ವಿಷಯ, ನಿಯಮಕ್ಕೆ ಸಿಗದು ಎಂಬ ಆಕ್ಷೇಪ ಅರ್ಧ ನಿಜ. ರೂಢಿಯ ರೂಪಗಳನ್ನು ನಿಯಮದಿಂದ ಬೇರ್ಪಡಿಸಿ ಪಟ್ಟಿಯಾಗಿ ಇಟ್ಟರೆ, ಪ್ರೋಗ್ರಾಮಿಂಗ್ ಬಾರದ ಶಾಲಾ ಮೇಷ್ಟ್ರೂ ಅದಕ್ಕೆ ಸಾಲು ಸೇರಿಸಬಲ್ಲರು; ಹೆಸರಿನವರು ತಾವೇ ಬರೆದುಕೊಟ್ಟ ರೂಪವಿದ್ದರೆ ಅದೇ ಅಂತಿಮ. ಪರರ ಕೋಡನ್ನು ನಂಬಿ ಕೆಡಬೇಕೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಬರೆದಾತ ಹಿಂತೆಗೆದುಕೊಂಡಾಗ ಸಾವಿರಾರು ಪ್ರಾಜೆಕ್ಟುಗಳು ನಿಂತುಹೋದವು. ಅದರಿಂದ ಕಲಿಯಬೇಕಾದದ್ದು ಲೈಬ್ರರಿಯ ಯಜಮಾನಿಕೆ ಒಬ್ಬರ ಕೈಯಲ್ಲಿರಬಾರದೆಂದು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಜಂಟಿಯಾಗಿ ಇದನ್ನು ನಡೆಸಬಹುದು. ಇದಕ್ಕೆ ಗಡಿ ವ್ಯಾಜ್ಯ ತೀರುವವರೆಗೆ ಕಾಯುವ ಅಗತ್ಯವಂತೂ ಇಲ್ಲ.