ಕಾರವಾರದೆದುರು 14 ವರ್ಷ ತಡ

ಮಾರೇನಹಳ್ಳಿಯ ಬಾಡಿಗೆ ಕೋಣೆಗಳಲ್ಲಿ ಕೆಎಎಸ್‌ಗೆ ಓದುವ ನಾವು 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯದ ಪಾಠ ಮುಗಿಸುತ್ತೇವೆ. ಕಾರವಾರದೆದುರಿನ ಅಂಜುದೀವ್ ನಡುಗಡ್ಡೆಯಲ್ಲಿ ಮಾತ್ರ ಆ ದಿನವೂ, ಗೋವಾದಂತೆಯೇ, ಪೋರ್ಚುಗೀಸರದೇ ಆಳ್ವಿಕೆ. (1580ರಿಂದ 1640ರವರೆಗೆ ಪೋರ್ಚುಗಲ್ಲೇ ಸ್ಪೇನ್ ದೊರೆಗಳ ಕೈಯಲ್ಲಿತ್ತು, ಗೋವಾಕ್ಕೂ ಅವರೇ ಒಡೆಯರು!) ಬ್ರಿಟಿಷರು ಹೋದ ಮೇಲೂ ಸರ್ವಾಧಿಕಾರಿ ಸಲಜಾರ್ ಗೋವಾ ಬಿಡಲೊಪ್ಪಲಿಲ್ಲ. 1961ರ ಡಿಸೆಂಬರ್ 18ರಂದು ‘ತ್ರಿಶೂಲ್’, ‘ಮೈಸೂರು’ ಯುದ್ಧನೌಕೆಗಳ ಬೆಂಬಲದಲ್ಲಿ ನಮ್ಮ ನಾವಿಕರು ನಡುಗಡ್ಡೆಗೆ ಇಳಿದರು. ಆಗ ನಮ್ಮ ರಾಜ್ಯದ ಹೆಸರೂ ಮೈಸೂರೇ. ಏಳು ಮಂದಿ ಪ್ರಾಣ ತೆತ್ತರು. ಮರುದಿನ ಗೋವಾ ಶರಣಾಯಿತು. ಗೋವಾ ವಿಮೋಚನೆಯ ದಿನಾಂಕ ಕೇಳಿದರೆ ಕೋಚಿಂಗ್‌ ತರಗತಿಯಲ್ಲಿ ಎಲ್ಲರ ಕೈ ಮೇಲೇಳುತ್ತದೆ. ಅಂಜುದೀವ್ ಎಂದರೆ ಎಷ್ಟು ಕೈ? ಕರ್ನಾಟಕದ ಇತಿಹಾಸ ಪಠ್ಯದಲ್ಲಿ ಈ ಏಳು ಮಂದಿಗೆ ಒಂದು ಪುಟ ಮೀಸಲಾಗಬೇಕು.