ದುಭಾಷಿ ಅಂದ್ರೆ ಬಿಟ್ಟಿ ಕೆಲಸಾನಾ?

ನಮ್ಮ ಬಳ್ಳಾರಿ ಕಡೆ ಎರಡು ಭಾಷೆ ಬರೋದು ದೊಡ್ಡ ವಿಷಯವೇ ಅಲ್ಲ. 1953ರ ಅಕ್ಟೋಬರ್ 1ರಂದು ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಬಂದವು. ಮಾತು ಮಾತ್ರ ಹಾಗೇ ಉಳೀತು. ಕುರುಗೋಡಿನ ಕಿರಾಣಿ ಅಂಗಡೀಲಿ ಗಿರಾಕಿ ತೆಲುಗಲ್ಲಿ ಕೇಳಿದ್ರೆ ಅಂಗಡಿಯವರು ಕನ್ನಡದಲ್ಲಿ ಲೆಕ್ಕ ಹೇಳ್ತಾರೆ, ಇಬ್ಬರಿಗೂ ಅರ್ಥ ಆಗುತ್ತೆ. ಅದಕ್ಕೇ ಇರಬೇಕು, ಭಾಷೆಗೆ ದುಡ್ಡು ಕೊಡಬೇಕು ಅಂದ್ರೆ ನಮ್ಮೋರಿಗೆ ನಗು ಬರುತ್ತೆ.

ಸಿರುಗುಪ್ಪದಲ್ಲಿ ರೈಸ್ ಮಿಲ್ ಇಟ್ಟಿರೋ ನಮ್ಮ ಮಾವ ಹೋದ ತಿಂಗಳು ಫೋನ್ ಮಾಡಿದ್ರು. ಅಕ್ಕಿಯಲ್ಲಿ ಕಪ್ಪು ಕಾಳು ಆರಿಸೋ ಕೊರಿಯಾ ಮಷೀನು ತಗೋಬೇಕಂತೆ, ಕಂಪನಿಯವರು ಮಾತಾಡೋಕೆ ಬರ್ತಾರಂತೆ. "ಕೊರಿಯಾ ಸೀರಿಯಲ್ ನೋಡಿ ಭಾಷೆ ಕಲಿತೋರು ನಿಮ್ಮ ಬೆಂಗಳೂರಲ್ಲಿ ಬೇಕಾದಷ್ಟು ಜನ ಇದಾರಲ್ಲಪ್ಪಾ, ಒಬ್ರನ್ನ ಕಳಿಸು. ಊಟ, ಬಸ್ ಚಾರ್ಜು ನಂದು." ಮಷೀನಿಗೆ ಲಕ್ಷಗಟ್ಟಲೆ, ಮಾತಿಗೆ ಬಸ್ ಚಾರ್ಜು!

ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೀತೀನಿ.

ಕೊರಿಯನ್ನರು 10 ಸಾವಿರಕ್ಕೆ 'ಮಾನ್', 10 ಕೋಟಿಗೆ 'ಒಕ್' ಅಂತಾರೆ. ಇಂಗ್ಲಿಷಿನಲ್ಲಿ ಮಿಲಿಯನ್, ನಮ್ಮಲ್ಲಿ ಲಕ್ಷ. ಮೂರು ಲೆಕ್ಕ ದಾಟಿ ಬರೋವಾಗ ಒಂದು ಸೊನ್ನೆ ಉದುರಿದ್ರೆ ಏನು ಗತಿ? ಇನ್ನು ಅವರ 'ನೇ'. ಅರ್ಥ 'ಹೌದು' ನಿಜ. ಆದ್ರೆ ಎಷ್ಟೋ ಸಲ ಅದು ಕಥೆ ಕೇಳೋವಾಗ ನಾವು ಹಾಕೋ 'ಹೂಂ' ಇದ್ದಂಗೆ, ಕೇಳಿಸ್ಕೋತಿದೀನಿ ಅಂತ ಅಷ್ಟೇ. ಹೊಸಬರು ಅದನ್ನ 'ಯೆಸ್' ಮಾಡಿದ್ರೆ ರೇಟು ಕುದುರಿತು ಅಂತ ಮಾವ ಅಂದ್ಕೋತಾರೆ.

ಹಾಗಾದ್ರೆ ಆರಿಸೋದು ಹೇಗೆ? ಟೋಪಿಕ್ ಅನ್ನೋ ಕೊರಿಯನ್ ಪರೀಕ್ಷೆಯಲ್ಲಿ 6ನೇ ಹಂತವೇ ಅತಿ ಮೇಲಿನದು. ಅದು ಪಾಸಾದವರಿಗೆ ಭಾಷೆ ಚೆನ್ನಾಗಿ ಬರುತ್ತೆ; ದುಭಾಷಿ ಕೆಲಸ ಬರುತ್ತೆ ಅಂತ ಅಲ್ಲ. ಕರಾರು ಪತ್ರ ಅನುವಾದ ಮಾಡೋ ಕಸುಬು ಬೇರೆ, ಎದುರಿಗೆ ಕೂತು ಮಾತು ದಾಟಿಸೋ ಕಸುಬು ಬೇರೆ. ಹಿಂದೆ ಎಂಥ ಮೀಟಿಂಗುಗಳಲ್ಲಿ ಕೂತಿದ್ರು ಕೇಳಿ. ಕ್ಯಾಟಲಾಗು, ದರಪಟ್ಟಿ ಮೊದಲೇ ಕಳಿಸಿ. ಅವರಾಗೇ ಕೇಳಿದ್ರೆ ಇನ್ನೂ ಒಳ್ಳೇದು. ಮಾರೋರು ಕರ್ಕೊಂಡು ಬರೋ ದುಭಾಷಿ ಇದ್ರೂ ನಮ್ಮ ಕಡೆಯವರೊಬ್ಬರು ಇರಲೇಬೇಕು.

ನನಗೆ ಬೇಜಾರಾಗೋದು ನಡುವೆ ಇಂಗ್ಲಿಷ್ ಬರೋದಕ್ಕೆ. ಕೊರಿಯನ್ನಲ್ಲೂ ಕನ್ನಡದ ಹಾಗೆ ಕ್ರಿಯಾಪದ ವಾಕ್ಯದ ಕೊನೆಗೆ, ಪ್ರತ್ಯಯ ಪದದ ಬಾಲಕ್ಕೆ. ದೊಡ್ಡವರಿಗೆ ಒಂದು ಥರ ಮಾತು, ಚಿಕ್ಕವರಿಗೆ ಇನ್ನೊಂದು. ಇಂಗ್ಲಿಷಿನ 'ಯು' ಒಳಗೆ ಆ ಮರ್ಯಾದೆಯೆಲ್ಲ ಕರಗಿ ಹೋಗುತ್ತೆ. ಕನ್ನಡದ ಹುಡುಗ ಹುಡುಗೀರು ನೇರವಾಗಿ ಈ ಕೆಲಸ ಮಾಡಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರೌಢಶಾಲೆಗೆ ಹೆಸರಿಸಿದ ವಿದೇಶಿ ಭಾಷೆಗಳಲ್ಲಿ ಕೊರಿಯನ್ ಕೂಡ ಇದೆ. ಆದ್ರೆ ಊಟ, ಬಸ್ ಚಾರ್ಜಿಗೆ ಯಾರು ತಾನೇ ವರ್ಷಗಟ್ಟಲೆ ಕಲೀತಾರೆ? ಮೊದಲು ನಾವು ದಿನದ ಫೀಸು ಎಷ್ಟು ಅಂತ ಕೇಳೋದನ್ನ ಕಲೀಬೇಕು.

ಮಾವ ಇನ್ನೂ ಗೊಣಗ್ತಾ ಇದಾರೆ. ನೀವೇನಂತೀರಿ?